ಮನೆಯ ಹಪ್ಪಳ ಅಂಗಡಿಗೆ ಹೋಗುವ ಮೊದಲು: ಹೆಸರು, ಪ್ಯಾಕೆಟ್, ಲೇಬಲ್

ಏಪ್ರಿಲ್ ತಿಂಗಳಲ್ಲಿ ಕಾರ್ಕಳ, ಹೆಬ್ರಿ, ಪುತ್ತೂರು ಕಡೆ ಯಾರ ಮನೆಗೆ ಹೋದರೂ ಅಂಗಳದಲ್ಲಿ ಚಾಪೆ, ಚಾಪೆಯ ತುಂಬಾ ಹಲಸಿನ ಹಪ್ಪಳ, ಪಕ್ಕದಲ್ಲಿ ಕಾಗೆ ಬರದಿರಲಿ ಅಂತ ಬಿಚ್ಚಿಟ್ಟ ಕಪ್ಪು ಕೊಡೆ. ಹಪ್ಪಳ ಮಾಡುವುದನ್ನು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಪರಿಚಯದವರಿಗೆ ಮಾರುವುದೂ ಕಷ್ಟವಲ್ಲ, ಅವರೇ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಕಷ್ಟ ಶುರುವಾಗುವುದು ಅದೇ ಹಪ್ಪಳವನ್ನು ಉಡುಪಿಯಲ್ಲೋ ಮಂಗಳೂರಿನಲ್ಲೋ ಒಂದು ಅಂಗಡಿಯ ಕಪಾಟಿನಲ್ಲಿ ಇಟ್ಟ ದಿನ.

ಯಾಕೆ ಅಂತ ಹೇಳುತ್ತೇನೆ. ಮನೆಗೆ ಬಂದವರಿಗೆ ನಮ್ಮ ಅತ್ತೆ ಹಪ್ಪಳ ಕೊಡುವಾಗ ಜೊತೆಗೆ ನಾಲ್ಕು ಮಾತು ಹೇಳುತ್ತಿದ್ದರು. "ಇದು ಬಕ್ಕೆ ಹಲಸಿನದ್ದು. ಖಾರ ಸ್ವಲ್ಪ ಜಾಸ್ತಿ ಉಂಟು, ಮಕ್ಕಳಿಗೆ ಕೊಡುವುದಾದರೆ ನೋಡಿಕೊಳ್ಳಿ. ತೆಂಗಿನೆಣ್ಣೆಯಲ್ಲೇ ಕರಿಯಿರಿ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಟ್ಟರೆ ಆಟಿಯವರೆಗೂ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಏನಾಗುವುದಿಲ್ಲ." ಅಷ್ಟೇ. ಆದರೆ ಏನು ವಸ್ತು, ಯಾರಿಗೆ ಆಗುತ್ತದೆ, ಹೇಗೆ ಬಳಸಬೇಕು, ಎಷ್ಟು ದಿನ ಬರುತ್ತದೆ, ಹೇಳುತ್ತಿರುವವರು ಯಾರು, ಎಲ್ಲ ಅದರಲ್ಲೇ ಬಂತು ಅಲ್ವಾ? ಅಂಗಡಿಯಲ್ಲಿ ಅತ್ತೆ ಇಲ್ಲ. ಅವರು ಹೇಳುತ್ತಿದ್ದ ಅಷ್ಟನ್ನೂ ಪ್ಯಾಕೆಟ್ ಹೇಳಬೇಕು. ಬ್ರ್ಯಾಂಡಿಂಗ್, ಪ್ಯಾಕೇಜಿಂಗ್ ಅಂತ ದೊಡ್ಡದಾಗಿ ಕೇಳುವ ಮಾತುಗಳ ಹಿಂದೆ ಇರುವ ಕೆಲಸ ಇದೇ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಎಲ್ಲ ತೀರ್ಮಾನ ಸುಲಭ.

ನಾನು ಹಪ್ಪಳದ ಉದಾಹರಣೆಯಲ್ಲೇ ಹೇಳುತ್ತಾ ಹೋಗುತ್ತೇನೆ. ನಿಮ್ಮದು ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು, ಕೋರಿ ರೊಟ್ಟಿ, ಸೋಪು, ಏನೇ ಇರಲಿ, ಹೊಂದಿಸಿಕೊಳ್ಳಿ.

ಮೊದಲು ನೀವು ಮಾರುತ್ತಿರುವುದು ಏನು ಅಂತ ತಿಳಿಯಿರಿ

"ಏನು ಅಂದರೆ? ಹಪ್ಪಳ!" ಅಂತ ಎಲ್ಲರೂ ಹೇಳುತ್ತಾರೆ. ಸ್ವಲ್ಪ ನಿಧಾನಿಸಿ. ಗಿರಾಕಿ ಕೊಳ್ಳುವುದು ವಸ್ತುವನ್ನಲ್ಲ, ಆ ವಸ್ತುವಿನಿಂದ ತನಗೆ ಆಗುವ ಉಪಯೋಗವನ್ನು. ಮಾರ್ಕೆಟಿಂಗ್ ಪಾಠದಲ್ಲಿ ಇದನ್ನು ಮೂರು ಪದರ ಮಾಡಿ ಹೇಳುತ್ತಾರೆ. ಒಳಗಿನ ತಿರುಳು ಆ ಉಪಯೋಗ. ಅದರ ಮೇಲೆ ಕಣ್ಣಿಗೆ ಕಾಣುವ ವಸ್ತು, ಅದರ ರುಚಿ, ಗಾತ್ರ, ಹೆಸರು, ಪ್ಯಾಕೆಟ್. ಅದರ ಹೊರಗೆ ನೀವು ಜೊತೆಗೆ ಕೊಡುವುದು, ಅಂದರೆ ಹಾಳಾದರೆ ಬದಲಿಸಿ ಕೊಡುವುದು, ಫೋನ್ ಮಾಡಿದರೆ ಉತ್ತರ ಸಿಗುವುದು, ಮನೆಗೆ ತಲುಪಿಸುವುದು.

ಈ ತಿರುಳನ್ನು ಸರಿಯಾಗಿ ಹಿಡಿದವರು ಹೇಗಿರುತ್ತಾರೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಶುರುವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ದಿನಾ ಮನೆಗೆ, ಅಂಗಡಿಗೆ ಬರುತ್ತಾನೆ, ಎರಡಾಣೆ ಕೊಟ್ಟರೂ ತೆಗೆದುಕೊಂಡು ಬರೆದುಕೊಂಡು ಹೋಗುತ್ತಾನೆ. ಠೇವಣಿ ಎಂಬ ವಸ್ತು ಮೊದಲೂ ಇತ್ತು. ಆದರೆ ದಿನದ ದುಡಿಮೆಯವರಿಗೆ ಬೇಕಾಗಿದ್ದದ್ದು ಬಡ್ಡಿಗಿಂತ ಹೆಚ್ಚಾಗಿ, ಕೈಯಲ್ಲಿ ಉಳಿಯದ ಚಿಲ್ಲರೆಯನ್ನು ಬ್ಯಾಂಕಿನ ಮೆಟ್ಟಿಲು ಹತ್ತದೆ ಉಳಿಸುವ ಒಂದು ದಾರಿ. ಸಂಸ್ಥೆ ಕಟ್ಟಿದ ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು ಆ ತಿರುಳನ್ನು ಹಿಡಿದರು, ಅದಕ್ಕೆ ತಕ್ಕ ರೂಪ ಕೊಟ್ಟರು, ಸಣ್ಣದು ಅಂತ ಥಟ್ಟನೆ ಗೊತ್ತಾಗುವ ಹೆಸರನ್ನೂ ಇಟ್ಟರು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಪೇಟೆಗಳಲ್ಲಿ ಇನ್ನೂ ಉಂಟು, ಸಹಕಾರಿ ಸಂಘಗಳ ಪಿಗ್ಮಿ ಕಲೆಕ್ಷನ್ ನಡೆಯುತ್ತಲೇ ಉಂಟು.

ಹಾಗಾದರೆ ಹಲಸಿನ ಹಪ್ಪಳದ ತಿರುಳು ಏನು? ಇಲ್ಲಿ ಒಂದು ವಿಷಯ ನನಗೆ ತಡವಾಗಿ ಅರ್ಥವಾಯಿತು. ಅದು ಕೊಳ್ಳುವವರ ಮೇಲೆ ಹೋಗುತ್ತದೆ. ಉಡುಪಿಯಲ್ಲೇ ಇರುವವರಿಗೆ ಅದು ಮಳೆಗಾಲದಲ್ಲಿ ಗಂಜಿಗೆ ನಂಚಿಕೊಳ್ಳಲು ಒಂದು ಕುರುಕಲು. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ನಮ್ಮವರಿಗೆ ಅದು ಅಜ್ಜಿ ಮನೆಯ ಚಾವಡಿ. ಹಲಸಿನ ಹಪ್ಪಳ ಕಂಡೇ ಇಲ್ಲದ ಘಟ್ಟದ ಮೇಲಿನವರಿಗೆ ಅದು ಹೊಸ ತಿಂಡಿ, ಅವರಿಗೆ ಹೇಗೆ ಕರಿಯುವುದು ಅಂತಲೂ ಹೇಳಿಕೊಡಬೇಕು. ಹಪ್ಪಳ ಒಂದೇ, ಪ್ಯಾಕೆಟ್ ಮೂರು ಜನರೊಡನೆ ಒಂದೇ ಮಾತಾಡಿದರೆ ಆಗುವುದಿಲ್ಲ. ಯಾರಿಗೆ ಅಂತ ಮೊದಲು ಆರಿಸಿ. ಒಬ್ಬರನ್ನು ಆರಿಸಿದರೆ ಉಳಿದವರು ಕೊಳ್ಳುವುದಿಲ್ಲ ಅಂತ ಹೆದರಬೇಡಿ, ಕೊಳ್ಳುತ್ತಾರೆ.

ಇದಕ್ಕೇ ಹತ್ತಿರದ ಇನ್ನೊಂದು ಲೆಕ್ಕ. ವಸ್ತುಗಳಲ್ಲಿ ಜಾತಿ ಉಂಟು. ಉಪ್ಪು, ಬೆಂಕಿಪೆಟ್ಟಿಗೆ ಹತ್ತಿರದ ಅಂಗಡಿಯಲ್ಲಿ ಏನು ಸಿಗುತ್ತದೋ ಅದು. ಸೀರೆ, ಮಿಕ್ಸಿ ನಾಲ್ಕು ಕಡೆ ನೋಡಿ, ಹೋಲಿಸಿ ಕೊಳ್ಳುವುದು. ಮಟ್ಟು ಗುಳ್ಳ ಎಂಬ ಬದನೆ, ಶಂಕರಪುರ ಮಲ್ಲಿಗೆ ಅದೇ ಬೇಕು ಅಂತ ಹುಡುಕಿಕೊಂಡು ಹೋಗುವುದು. ವಿಮೆಯಂಥದ್ದು ಯಾರೂ ತಾವಾಗಿ ಕೇಳಿಕೊಂಡು ಬರದ್ದು. ನಿಮ್ಮ ಹಪ್ಪಳ ಊರಿನ ದಿನಸಿ ಅಂಗಡಿಯಲ್ಲಿ ಮೊದಲನೇ ಜಾತಿ, ಹಾಗಾಗಿ ಸಣ್ಣ ಪ್ಯಾಕೆಟ್, ಕೈಗೆ ಸಿಗುವ ಜಾಗ, ಹಗುರ ಬೆಲೆ ಬೇಕು. ಬೆಂಗಳೂರಿನಲ್ಲಿ ಅದೇ ಹಪ್ಪಳ ಮೂರನೇ ಜಾತಿ. ಅಲ್ಲಿ ಅಂಗಡಿ ತುಂಬ ಇಡಬೇಕಾಗಿಲ್ಲ, ಒಂದೆರಡು ಕಡೆ ಇದ್ದರೂ ಹುಡುಕಿಕೊಂಡು ಬರುತ್ತಾರೆ. ಆದರೆ ಇದು ಊರಿನದೇ ಅಂತ ಅವರಿಗೆ ನಂಬಿಕೆ ಬರಬೇಕು.

ಹೆಸರು

ಹಳೆಯ ಮನೆ ಕೆಡವುವಾಗ ಹಂಚು ತೆಗೆದು ಮಗುಚಿ ನೋಡಿದ್ದೀರಾ? ಹಿಂಭಾಗದಲ್ಲಿ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಆಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಎಷ್ಟೋ ಕಾರ್ಖಾನೆ ಬಂದವು. ಆವೆಮಣ್ಣು ಅದೇ, ಆಕಾರ ಹೆಚ್ಚುಕಡಿಮೆ ಅದೇ, ಬಣ್ಣ ಅದೇ. ಮಾಡಿನ ಮೇಲೆ ಕೂತ ಮೇಲೆ ಯಾರದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಹಸಿ ಮಣ್ಣಿನಲ್ಲೇ ಹೆಸರು ಒತ್ತುತ್ತಿದ್ದರು. ಮಳೆಗೆ ಸೋರಿದರೆ ಯಾರನ್ನು ಕೇಳಬೇಕು, ಸೋರದಿದ್ದರೆ ಮುಂದಿನ ಸಲ ಯಾರಲ್ಲಿ ಕೊಳ್ಳಬೇಕು, ಎರಡಕ್ಕೂ ಉತ್ತರ ಹಂಚಿನ ಬೆನ್ನಮೇಲೆ. ಬ್ರ್ಯಾಂಡ್ ಎಂಬ ಮಾತೂ ಸುಡುವುದು ಎಂಬ ಅರ್ಥದಿಂದಲೇ ಬಂದದ್ದು, ದನಗಳ ಮೈಮೇಲೆ ಕಾಯಿಸಿದ ಕಬ್ಬಿಣದಿಂದ ಒಡೆಯನ ಗುರುತು ಹಾಕುತ್ತಿದ್ದರಲ್ಲ, ಅದು.

ಈಗ ಇದರ ಇನ್ನೊಂದು ಮುಖ ನೋಡಿ. "ಮಂಗಳೂರು ಹಂಚು" ಅಂದರೆ ಇವತ್ತು ಯಾವ ಕಾರ್ಖಾನೆಯದೂ ಅಲ್ಲ, ಆ ಆಕಾರದ ಎಲ್ಲ ಹಂಚೂ ಮಂಗಳೂರು ಹಂಚೇ. ಗಡ್‌ಬಡ್ ಐಸ್‌ಕ್ರೀಮ್ ಕೂಡ ಹಾಗೇ ಆಯಿತು, ಪ್ರತಿ ಐಸ್‌ಕ್ರೀಮ್ ಅಂಗಡಿಯ ಮೆನುವಿನಲ್ಲೂ ಉಂಟು. ಉಡುಪಿ ಹೋಟೆಲ್ ಅಂತೂ ದೇಶದ ಉದ್ದಗಲಕ್ಕೂ. ಹೆಸರು ಎಲ್ಲರದ್ದಾದಾಗ ಊರಿಗೆ ಹೆಮ್ಮೆ, ಆದರೆ ನಿಮ್ಮ ಪ್ಯಾಕೆಟ್‌ಗೆ ಅದರಿಂದ ಗುರುತು ಸಿಗುವುದಿಲ್ಲ. ಅಂಗಡಿಗೆ ಹೋಗಿ ನೋಡಿ, ಉಡುಪಿ, ಕರಾವಳಿ, ತುಳುನಾಡು, ಅಮ್ಮನ ಕೈರುಚಿ, ಹೋಮ್ ಪ್ರಾಡಕ್ಟ್ಸ್, ಇವನ್ನೇ ತಿರುಗಿಸಿ ಮುರುಗಿಸಿ ಇಟ್ಟ ಹೆಸರುಗಳ ಸಾಲು. ನಿಮ್ಮ ಹಪ್ಪಳ ತಿಂದು ಮೆಚ್ಚಿದವರು ಮುಂದಿನ ತಿಂಗಳು ಬಂದು "ಅದೇ, ಉಡುಪಿ ಅಂತ ಏನೋ ಇತ್ತಲ್ಲ" ಅಂತ ಪಕ್ಕದವರದ್ದನ್ನು ತೆಗೆದುಕೊಂಡು ಹೋಗುತ್ತಾರೆ. ನೀವು ದುಡಿದು ಸಂಪಾದಿಸಿದ ಹೆಸರು ಬೇರೆಯವರ ಗಲ್ಲಾಪೆಟ್ಟಿಗೆಗೆ. ಇದು ನಿಜವಾಗಿ ನೋವಿನ ವಿಷಯ. ಊರಿನ ಹೆಸರು ಬೇಕಿದ್ದರೆ ಕೆಳಗೆ ವಿಳಾಸದಲ್ಲಿ ಇರಲಿ, "ಹೆಬ್ರಿಯಲ್ಲಿ ತಯಾರಿಸಿದ್ದು" ಅಂತ ಎದ್ದು ಕಾಣುವ ಹಾಗೆ ಹಾಕಿ, ತುಂಬ ಒಳ್ಳೆಯದು. ಬ್ರ್ಯಾಂಡ್ ಹೆಸರು ಬೇರೆ ಇರಲಿ. ಕಾನೂನಿನಲ್ಲೂ ಬರೀ ಊರಿನ ಹೆಸರನ್ನೋ, ವಸ್ತುವನ್ನು ವರ್ಣಿಸುವ ಮಾತನ್ನೋ ಟ್ರೇಡ್‌ಮಾರ್ಕ್, ಅಂದರೆ ಬೇರೆಯವರು ಬಳಸದ ಹಾಗೆ ನೋಂದಾಯಿಸಿದ ಗುರುತು, ಮಾಡಿಸುವುದು ಸಾಮಾನ್ಯವಾಗಿ ಆಗದ ಕೆಲಸ.

ಮಟ್ಟು ಗುಳ್ಳ, ಉಡುಪಿ ಮಲ್ಲಿಗೆ ಇವೆಲ್ಲ ಬೇರೆ. ಅವಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಉಂಟು. ಅದು ಒಬ್ಬರ ಆಸ್ತಿಯಲ್ಲ, ಆ ನೆಲದಲ್ಲಿ ಬೆಳೆಯುವವರೆಲ್ಲರದ್ದು. ಬೇರೆ ಊರಿನ ಬದನೆಗೆ ಮಟ್ಟು ಗುಳ್ಳ ಅಂತ ಲೇಬಲ್ ಹಾಕಬಾರದು.

ಹೆಸರು ಆರಿಸುವಾಗ ನಾನು ಮಾಡಿಸುವ ಪರೀಕ್ಷೆ ಸರಳ. ಫೋನಿನಲ್ಲಿ ಒಂದು ಸಲ ಹೇಳಿ, ಆ ಕಡೆಯವರು ತಪ್ಪಿಲ್ಲದೆ ಬರೆದುಕೊಳ್ಳಬೇಕು. ನಮ್ಮ ಊರಿನಲ್ಲಿ ಒಂದೇ ಅಂಗಡಿಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತಾಡುವವರು ಬರುತ್ತಾರೆ. ನಾಲ್ಕೂ ಬಾಯಿಯಲ್ಲಿ ಹೆಸರು ಸಲೀಸಾಗಿ ಬರಬೇಕು, ಯಾವ ಭಾಷೆಯಲ್ಲೂ ಕೆಟ್ಟ ಅರ್ಥ ಬರಬಾರದು. ಮೂರು ಅಕ್ಷರ, ನಾಲ್ಕು ಅಕ್ಷರ ಇದ್ದರೆ ಚೆಂದ. ಇನ್ನೊಂದು ಮಾತು, ದೇವರ ಚಿತ್ರ ಪ್ಯಾಕೆಟ್ ಮೇಲೆ ಬೇಡ. ಭಕ್ತಿ ಕಡಿಮೆ ಅಂತಲ್ಲ, ಭಕ್ತಿ ಇರುವುದರಿಂದಲೇ ಹೇಳುತ್ತಿದ್ದೇನೆ. ಹಪ್ಪಳ ಮುಗಿದ ಮೇಲೆ ಆ ಕವರನ್ನು ಕಸದ ಬುಟ್ಟಿಗೆ ಹಾಕಲು ಎಷ್ಟೋ ಹೆಂಗಸರಿಗೆ ಮನಸ್ಸು ಬರುವುದಿಲ್ಲ, ಅಂಥ ಕಸಿವಿಸಿ ಯಾಕೆ ಕೊಡಬೇಕು?

ಹೆಸರು ಸಿಕ್ಕ ಮೇಲೆ ಟ್ರೇಡ್‌ಮಾರ್ಕ್ ವೆಬ್‌ಸೈಟಿನಲ್ಲಿ ಹುಡುಕಿ, ದುಡ್ಡು ಬೇಕಾಗಿಲ್ಲ. ಅಲ್ಲಿ ವಸ್ತುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಹಪ್ಪಳ 30ನೇ ವರ್ಗದಲ್ಲಿ ಬರುತ್ತದೆ. ಅದೇ ವರ್ಗದಲ್ಲಿ ಅದೇ ಹೆಸರೋ ಕೇಳಲು ಹಾಗೇ ಇರುವ ಹೆಸರೋ ಇದ್ದರೆ ಬಿಟ್ಟುಬಿಡಿ. ಆಮೇಲೆ ಸಾವಿರ ಕವರ್ ಪ್ರಿಂಟ್ ಮಾಡಿಸಿ ಅಳುವುದಕ್ಕಿಂತ ಈಗಲೇ ಬೇರೆ ಹುಡುಕುವುದು ವಾಸಿ. ನೋಂದಣಿ ಆದರೆ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಹಾಕಬಹುದು, ವೃತ್ತದೊಳಗಿನ ಆರ್ ಗುರುತು ನೋಂದಣಿ ಕೈಗೆ ಬಂದ ಮೇಲೆ ಮಾತ್ರ.

ಆದರೆ ಹೆಸರು ಇಟ್ಟ ಮಾತ್ರಕ್ಕೆ ಬ್ರ್ಯಾಂಡ್ ಆಗುವುದಿಲ್ಲ. ಎರಡನೇ ಪ್ಯಾಕೆಟ್ ಮೊದಲನೆಯದರ ಹಾಗೇ ಇದ್ದರೆ ಆಗ ಅದು ಬ್ರ್ಯಾಂಡ್. 1959ರಲ್ಲಿ ಮುಂಬಯಿಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಪಾಪಡ್ ಕತೆ ಎಲ್ಲರಿಗೂ ಗೊತ್ತು. ಎಲ್ಲರೂ ಆ 80 ರೂಪಾಯಿಯನ್ನೇ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅಲ್ಲಿ ಲಟ್ಟಿಸುವುದು ಸಾವಿರಾರು ಮನೆಗಳಲ್ಲಿ, ಹಿಟ್ಟು ಕಲಸುವುದು ಮಾತ್ರ ಶಾಖೆಯಲ್ಲಿ, ಒಂದು ಕಡೆ. ಹೆಂಗಸರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು ಲಟ್ಟಿಸಿ ತಂದು ಕೊಡುತ್ತಾರೆ. ರುಚಿ ಯಾಕೆ ಬದಲಾಗುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ನಿಮ್ಮ ಸ್ವಸಹಾಯ ಸಂಘದಲ್ಲಿ ಹತ್ತು ಜನ ಹತ್ತು ಮನೆಯಲ್ಲಿ ಮಾಡಿದರೆ ಒಬ್ಬರದ್ದು ಖಾರ, ಒಬ್ಬರದ್ದು ಉಪ್ಪು ಜಾಸ್ತಿ, ಒಬ್ಬರದ್ದು ದಪ್ಪ. ಎಲ್ಲ ಒಂದೇ ಹೆಸರಿನ ಕವರಿನೊಳಗೆ. ಹಾಗಾಗಿ ಲೋಗೋ ಮಾಡಿಸುವ ಮೊದಲು ಒಂದು ತಕ್ಕಡಿ ಕೊಳ್ಳಿ. ಬೇಯಿಸಿದ ಸೊಳೆ ಇಷ್ಟು ಕಿಲೋಗೆ ಉಪ್ಪು ಇಷ್ಟು ಗ್ರಾಂ, ಮೆಣಸು ಇಷ್ಟು ಗ್ರಾಂ, ಉಂಡೆಯ ತೂಕ ಇಷ್ಟು ಅಂತ ಬರೆದು ಗೋಡೆಗೆ ಅಂಟಿಸಿ. "ಕೈ ಅಳತೆ ಸಾಕು" ಅಂತ ಹಿರಿಯರು ಹೇಳಿದರೆ ಗೌರವದಿಂದಲೇ ಅವರ ಕೈಯಲ್ಲಿ ಬಂದ ಅಳತೆಯನ್ನು ತಕ್ಕಡಿಗೆ ಹಾಕಿ ನೋಡಿ ಬರೆದುಕೊಳ್ಳಿ. ಅತ್ತೆಯ ಹಿಡಿ ಉಪ್ಪು ಎಷ್ಟು ಗ್ರಾಂ ಅಂತ ನಾನು ಹಾಗೇ ಕಂಡುಕೊಂಡದ್ದು, ಪ್ರತಿ ಸಲವೂ ಒಂದೆರಡು ಗ್ರಾಂ ಆಚೀಚೆ ಅಷ್ಟೇ, ನನಗೇ ಆಶ್ಚರ್ಯ ಆಗಿತ್ತು.

ಒಂದು ವಸ್ತು ನಿಂತ ಮೇಲೆ ಮತ್ತೊಂದು. ಮಂಗಳೂರಿನ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ್ದು, ಆಮೇಲೆ ಕೊಕ್ಕೊ ಕೊಳ್ಳಲು ಶುರು ಮಾಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ. ಮೊದಲ ವರ್ಷವೇ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಚಟ್ನಿಪುಡಿ, ಜೇನು ಎಲ್ಲದಕ್ಕೂ ಒಂದೇ ಸ್ಟಿಕ್ಕರ್ ಅಂಟಿಸಬೇಡಿ. ಒಂದು ಹಾಳಾದರೆ ಐದರ ಹೆಸರೂ ಹೋಗುತ್ತದೆ.

ಪ್ಯಾಕೆಟ್

ಪ್ಯಾಕಿಂಗ್ ಅಂದರೆ ಹೊಸದು, ಪೇಟೆಯದು ಅಂತ ಅನ್ನಿಸುತ್ತದಲ್ಲ, ಅಲ್ಲ ಮಾರಾಯ್ರೆ. ಅಕ್ಕಿ ಮುಡಿ ನೆನಪು ಮಾಡಿಕೊಳ್ಳಿ. ಬೈಹುಲ್ಲು ಸುತ್ತಿ, ಹುಲ್ಲಿನ ಹಗ್ಗದಲ್ಲೇ ಬಿಗಿದು, ಉರುಟಾಗಿ ಕಟ್ಟಿದ ಆ ಮುಡಿಯೊಳಗೆ ಅಕ್ಕಿ ನಮ್ಮ ಈ ಭಯಂಕರ ಮಳೆಗಾಲವನ್ನು ದಾಟುತ್ತಿತ್ತು. ಹುಳವಿಲ್ಲ, ಬೂಷ್ಟಿಲ್ಲ. ಅದು ಪ್ಯಾಕೆಟ್ ಮಾತ್ರವಲ್ಲ, ಅಳತೆಯೂ ಹೌದು. ಮುಡಿ ಅಂದರೆ 42 ಸೇರು, ಗೇಣಿ ಲೆಕ್ಕವೂ ಮುಡಿಯಲ್ಲೇ. ಮಲ್ಲಿಗೆ ನೋಡಿ, ಬಾಳೆನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಎಣಿಸದೆ ದರ ಹೇಳಬಹುದು, ಮುಂಬಯಿಗೆ ಕಳಿಸಿದರೂ ಬಾಡದೆ ತಲುಪುತ್ತದೆ. ಕಾಯುವುದು, ಅಳೆಯುವುದು, ಸಾಗಿಸಲು ಅನುಕೂಲ ಮಾಡುವುದು, ಗುರುತು ಹೇಳುವುದು. ಪ್ಯಾಕೆಟ್‌ನ ಕೆಲಸ ಈ ನಾಲ್ಕೇ, ಇದೇ ಕ್ರಮದಲ್ಲಿ. ಚೆಂದ ಕಾಣುವುದು ಗುರುತಿನ ಒಂದು ಭಾಗ, ಅದು ಕೊನೆಯಲ್ಲಿ ಬರಲಿ.

ನಾನು ಈ ಕ್ರಮ ತಪ್ಪಿ ಪೆಟ್ಟು ತಿಂದವಳು. ಕಂದು ಕಾಗದದ ಪೌಚ್, ಮಧ್ಯೆ ಪಾರದರ್ಶಕ ಕಿಟಕಿ, ನೋಡಲು ಬಹಳ ಚೆಂದ. ಒಳಗೆ ಪ್ಲಾಸ್ಟಿಕ್ ಪದರ ಉಂಟು ಅಂತ ಮಾರಿದವರು ಹೇಳಿದ್ದರು, ನಾನು ಒಂದನ್ನೂ ಹರಿದು ನೋಡಲಿಲ್ಲ. ಮೇ ತಿಂಗಳಲ್ಲಿ ಎಲ್ಲ ಸರಿ ಇತ್ತು. ಜುಲೈಯಲ್ಲಿ ಅಂಗಡಿಯವರು ಫೋನ್ ಮಾಡಿದರು, ಹಪ್ಪಳ ಬಾಗುತ್ತಾ ಉಂಟು, ಮುರಿಯುವುದಿಲ್ಲ. ಹೋಗಿ ನೋಡಿದರೆ ಕೆಲವದರ ಮೇಲೆ ಬಿಳಿ ಬೂಷ್ಟು. ಅರುವತ್ತು ಪ್ಯಾಕೆಟ್ ವಾಪಸ್ ತಂದೆ. ಅತ್ತೆ ಬೈಯಲಿಲ್ಲ. ಒಂದು ಹಪ್ಪಳ ಕೈಯಲ್ಲಿ ಹಿಡಿದು ಸುಮ್ನೆ ನೋಡಿದರು, ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು.

ಹಾಗಾಗಿ ಕೇಳಿ, ಕರಾವಳಿಯಲ್ಲಿ ಒಣ ತಿಂಡಿಯ ಪ್ಯಾಕೆಟ್ ಎದುರಿಸಬೇಕಾದ್ದು ತೇವವನ್ನು. ಬರೀ ಕಾಗದ ತೇವ ಎಳೆಯುತ್ತದೆ. ತೆಳು ಪ್ಲಾಸ್ಟಿಕ್ ಕವರ್ ಅಗ್ಗ, ಹಪ್ಪಳ ಕಾಣುತ್ತದೆ, ಆದರೆ ಚೆನ್ನಾಗಿ ಒಣಗಿದ ಹಪ್ಪಳದ ಅಂಚು ಚೂಪು. ಪ್ಯಾಕೆಟ್ ಒಂದರ ಮೇಲೊಂದು ಒತ್ತಿದಾಗ ಕಣ್ಣಿಗೆ ಕಾಣದ ಸಣ್ಣ ತೂತು ಬೀಳುತ್ತದೆ, ಅಲ್ಲಿಗೆ ಮುಗಿಯಿತು. ಎರಡು ಮೂರು ಪದರ ಅಂಟಿಸಿದ ಲ್ಯಾಮಿನೇಟೆಡ್ ಪೌಚ್ ಒಳ್ಳೆಯದು, ಒಳಗೆ ಅಲ್ಯೂಮಿನಿಯಂ ಪದರ ಇದ್ದರೆ ಇನ್ನೂ ಗಟ್ಟಿ, ಆದರೆ ಆಗ ಒಳಗಿನದ್ದು ಕಾಣುವುದಿಲ್ಲ. ಕಾಣಬೇಕು ಅಂತಿದ್ದರೆ ಸಣ್ಣ ಕಿಟಕಿ ಸಾಕು. ಮುಂಗಡ ಕೊಡುವ ಮೊದಲು ಒಂದು ಪೌಚ್ ಕೇಳಿ ತಂದು ಹರಿದು ನೋಡಿ, ಒಳಪದರ ಬೇರೆಯಾಗಿ ಎಳೆದುಕೊಂಡು ಬರಬೇಕು.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹಪ್ಪಳ ಹಾಕಿ ಸೀಲ್ ಮಾಡಿದ ಪ್ಯಾಕೆಟನ್ನು ನೀರಿನ ಬಕೆಟಿನಲ್ಲಿ ಮುಳುಗಿಸಿ ಮೆಲ್ಲ ಒತ್ತಿ. ಗುಳ್ಳೆ ಬಂದರೆ ಸೀಲ್ ಸರಿಯಿಲ್ಲ, ಮೆಷಿನ್ನಿನ ಬಿಸಿ ಸ್ವಲ್ಪ ಏರಿಸಿ, ಅಥವಾ ಅಗಲ ಪಟ್ಟಿಯ ಸೀಲಿಂಗ್ ಮೆಷಿನ್ ತೆಗೆದುಕೊಳ್ಳಿ, ತೆಳು ಗೆರೆಯ ಸೀಲ್ ನಂಬಬೇಡಿ. ಇನ್ನೊಂದು, ಪ್ಯಾಕೆಟನ್ನು ಸರಿಯಾಗಿ ತೂಗಿ ಬರೆದಿಟ್ಟು ಮಳೆಗಾಲದಲ್ಲಿ ಒದ್ದೆ ಬಟ್ಟೆ ಒಣಹಾಕುವ ಕೋಣೆಯಲ್ಲಿ ಹದಿನೈದು ದಿನ ಇಡಿ, ಮತ್ತೆ ತೂಗಿ. ತೂಕ ಏರಿದ್ದರೆ ಏರಿದಷ್ಟು ನೀರು ಒಳಗೆ ಹೋಗಿದೆ ಅಂತಲೇ ಅರ್ಥ. ಇಷ್ಟು ಸಣ್ಣ ಕೆಲಸ ನಾನು ಮೊದಲೇ ಮಾಡಿದ್ದರೆ ಆ ಅರುವತ್ತು ಪ್ಯಾಕೆಟ್ ಉಳಿಯುತ್ತಿತ್ತು. ಮತ್ತೆ, ಬಿಸಿಲಿನಿಂದ ತೆಗೆದ ಬಿಸಿ ಹಪ್ಪಳವನ್ನು ಕೂಡಲೇ ಪ್ಯಾಕ್ ಮಾಡಬೇಡಿ. ಗಟ್ಟಿ ಮುಚ್ಚಳದ ಡಬ್ಬದಲ್ಲಿ ತಣಿಯಲು ಬಿಟ್ಟು ಆಮೇಲೆ ಮಾಡಿ, ಇಲ್ಲದಿದ್ದರೆ ಒಳಗೇ ಬೆವರುತ್ತದೆ.

ಇನ್ನು ಸಾಗಾಟ. ಹಪ್ಪಳ ಮುಟ್ಟುವ ಕವರ್ ಒಂದು, ಹತ್ತು ಪ್ಯಾಕೆಟ್ ಸೇರಿಸಿದ ರಟ್ಟಿನ ಪೆಟ್ಟಿಗೆ ಎರಡು, ಬಸ್ಸಿಗೆ ಪಾರ್ಸೆಲ್ ಹಾಕುವ ದೊಡ್ಡ ಪೆಟ್ಟಿಗೆ ಮೂರು. ಮೂರಕ್ಕೂ ಬೇರೆ ಬೇರೆ ಕೆಲಸ. ಪೌಚ್ ಚೆಂದ ಮಾಡಿ ಪೆಟ್ಟಿಗೆಯನ್ನು ಹಳೆಯ ಬಿಸ್ಕತ್ತಿನ ರಟ್ಟಿನಲ್ಲಿ ಕಟ್ಟಿದರೆ ಬೆಂಗಳೂರು ತಲುಪುವಾಗ ಹಪ್ಪಳ ಪುಡಿ. ಪೌಚಿನೊಳಗೆ ಹಪ್ಪಳದ ಅಳತೆಯ ಒಂದು ಉರುಟು ರಟ್ಟು ಇಟ್ಟರೆ ಎಷ್ಟೋ ಉಳಿಯುತ್ತದೆ. ಗಲ್ಫಿಗೆ ಹೋಗುವವರು ನಿಮ್ಮ ದೊಡ್ಡ ಗಿರಾಕಿಗಳು, ಅವರು ಬಟ್ಟೆಯ ನಡುವೆ ತುರುಕಿ ಒಯ್ಯುತ್ತಾರೆ. ಉಪ್ಪಿನಕಾಯಿಯವರು ಇದನ್ನು ಇನ್ನೂ ಗಮನಿಸಬೇಕು, ಭರಣಿ, ಗಾಜಿನ ಬಾಟಲಿ ಚೆಂದ ನಿಜ, ಆದರೆ ಮುಚ್ಚಳದೊಳಗೆ ಇನ್ನೊಂದು ಸೀಲ್ ಇಲ್ಲದಿದ್ದರೆ ಎಣ್ಣೆ ಸೋರಿ ಒಬ್ಬರ ಬಿಳಿ ಅಂಗಿ ಹಾಳಾದರೆ ಅವರು ಜನ್ಮದಲ್ಲಿ ನಿಮ್ಮದನ್ನು ಕೊಳ್ಳುವುದಿಲ್ಲ.

ಲೇಬಲ್ ಮೇಲೆ ಏನು

ಮುಂಭಾಗದಲ್ಲಿ ಮೂರೇ. ಹೆಸರು, ಇದು ಏನು ಎಂಬುದು, ತೂಕ, ಜೊತೆಗೆ ಕಾನೂನು ಕೇಳುವ ಸಸ್ಯಾಹಾರದ ಹಸಿರು ಗುರುತು. ಎಷ್ಟೋ ಜನ ಬ್ರ್ಯಾಂಡ್ ಹೆಸರನ್ನು ದೊಡ್ಡದಾಗಿ ಹಾಕಿ "ಹಲಸಿನ ಹಪ್ಪಳ" ಎಂಬುದನ್ನು ಮೂಲೆಯಲ್ಲಿ ಸಣ್ಣದಾಗಿ ಹಾಕುತ್ತಾರೆ. ಹೊಸ ಹೆಸರು ಯಾರಿಗೂ ಗೊತ್ತಿಲ್ಲ, ಹಪ್ಪಳ ಎಲ್ಲರಿಗೂ ಗೊತ್ತು. ಹಪ್ಪಳ ಎಂಬುದು ಆರು ಅಡಿ ದೂರದಿಂದ ಓದಲು ಬರಬೇಕು. ಪ್ರಿಂಟ್ ಮಾಡಿಸುವ ಮೊದಲು ಕಾಗದದಲ್ಲಿ ಅಚ್ಚು ಹಾಕಿ, ಒಂದು ಪ್ಯಾಕೆಟ್‌ಗೆ ಅಂಟಿಸಿ, ಪರಿಚಯದ ಅಂಗಡಿಯವರ ಹತ್ತಿರ ಕೇಳಿ ಬೇರೆ ಹಪ್ಪಳಗಳ ನಡುವೆ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಂಪ್ಯೂಟರ್ ಪರದೆಯ ಮೇಲೆ ಮಿಂಚಿದ್ದು ಕಪಾಟಿನಲ್ಲಿ ಮಾಯವಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಿಂಭಾಗ ಕಾನೂನಿನದ್ದು, ತಪ್ಪಿಸುವ ಹಾಗಿಲ್ಲ. ಆಹಾರ ವಸ್ತುವಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕೇ ಬೇಕು, ಅವರ ಫಾಸ್ಕಾಸ್ ಎಂಬ ಪೋರ್ಟಲಿನಲ್ಲಿ ಅರ್ಜಿ, ಸಿಗುವುದು 14 ಅಂಕೆಯ ಸಂಖ್ಯೆ, ಅದನ್ನು ಅವರ ಲೋಗೋ ಜೊತೆ ಹಾಕಬೇಕು. ಸಾಮಗ್ರಿಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಯುವ ಕ್ರಮದಲ್ಲಿ ಬರೆಯಬೇಕು, ಅಂದರೆ ಹಲಸು ಮೊದಲು, ಇಂಗು ಕೊನೆಗೆ. ಪೌಷ್ಟಿಕಾಂಶದ ವಿವರ, ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಯಾವಾಗಿನವರೆಗೆ ಬಳಸಬಹುದು ಎಂಬ ದಿನ. ತೂಕ ಮತ್ತು ಬೆಲೆಯ ಲೆಕ್ಕ ಕಾನೂನು ಮಾಪನ ಇಲಾಖೆಯದ್ದು: ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಂಗೆ ಎಷ್ಟು ಬಿತ್ತು ಎಂಬ ದರ, ದೂರು ಹೇಳಲು ಫೋನ್ ಮತ್ತು ಇಮೇಲ್. ಹಪ್ಪಳವನ್ನು ನಾವು 25, 50 ಅಂತ ಎಣಿಸಿ ಮಾರಿದವರು, ಆದರೆ ಪ್ಯಾಕೆಟ್ ಮೇಲೆ ತೂಕ ಇರಲಿ, ಬೇಕಿದ್ದರೆ ಎಣಿಕೆಯನ್ನೂ ಹಾಕಿ.

ಭಾಷೆಯ ವಿಷಯದಲ್ಲಿ ಒಂದು ಗೊಂದಲ ಉಂಟು. ಕಾನೂನಿನ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಕನ್ನಡ ಹಾಕಬಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಹಾಕಲೇಬೇಕು. ನಮ್ಮ ಹಪ್ಪಳದ ಮೇಲೆ ನಮ್ಮ ಅಕ್ಷರ ಇಲ್ಲದಿದ್ದರೆ ಮತ್ತೆ ಅದು ಊರಿನದ್ದು ಅಂತ ಯಾರು ನಂಬುತ್ತಾರೆ? "ಸಾವಯವ" ಅಂತ ಮಾತ್ರ ಪ್ರಮಾಣಪತ್ರ ಇಲ್ಲದೆ ಹಾಕಬೇಡಿ. ಹಾಕಲು ಇನ್ನೂ ಒಳ್ಳೆಯ ಮಾತು ನಿಮ್ಮಲ್ಲೇ ಉಂಟು. ಅತ್ತೆ ಹೇಳುತ್ತಿದ್ದರಲ್ಲ, ತೆಂಗಿನೆಣ್ಣೆಯಲ್ಲಿ ಕರಿಯಿರಿ, ಖಾರ ಸ್ವಲ್ಪ ಜಾಸ್ತಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ. ಅದನ್ನೇ ಹಾಗೇ ಬರೆಯಿರಿ. ನಾವು ಬರೆದೆವು. ಬೆಂಗಳೂರಿನಿಂದ ಫೋನ್ ಮಾಡುವವರು ಇವತ್ತಿಗೂ ಆ ಸಾಲನ್ನೇ ಓದಿ ಹೇಳುತ್ತಾರೆ.

ಬೆಲೆ, ಚಿಕ್ಕದಾಗಿ

ಬೆಲೆಯ ವಿಷಯವೇ ಒಂದು ದೊಡ್ಡ ಪಾಠ, ಇಲ್ಲಿ ಪ್ಯಾಕೆಟ್‌ಗೆ ಸಂಬಂಧಪಟ್ಟಷ್ಟೇ ಹೇಳುತ್ತೇನೆ. 200 ಗ್ರಾಂ ಪ್ಯಾಕೆಟ್‌ಗೆ ಹಪ್ಪಳದ ಖರ್ಚು 55 ರೂಪಾಯಿ, ಪೌಚ್ ಮತ್ತು ಲೇಬಲ್ 9, ಸಾಗಾಟ 4, ಒಟ್ಟು 68 ಅಂತ ಇಟ್ಟುಕೊಳ್ಳಿ. ಎಂಆರ್‌ಪಿ 100 ಹಾಕಿ, ಅಂಗಡಿಯವರಿಗೆ ಅದರಲ್ಲಿ ನೂರಕ್ಕೆ 25 ಬಿಟ್ಟರೆ ನಿಮ್ಮ ಕೈಗೆ 75. ಉಳಿಯುವುದು 7. ಹತ್ತು ಪ್ಯಾಕೆಟಿನಲ್ಲಿ ಒಂದು ತೇವ ಹಿಡಿದು ವಾಪಸ್ ಬಂದರೆ ಒಂಬತ್ತರಿಂದ ಬಂದ 63 ರೂಪಾಯಿ ಪೂರ್ತಿ ಹೋಗಿ ಮೇಲೆ 5 ರೂಪಾಯಿ ಕೈಯಿಂದ. ಅದೇ 120 ಹಾಕಿದರೆ ಒಂದಕ್ಕೆ 22 ಉಳಿಯುತ್ತದೆ, ಒಂದು ವಾಪಸ್ ಬಂದರೂ 130 ಕೈಯಲ್ಲಿ. ಪೌಚಿಗೆ ಎರಡು ರೂಪಾಯಿ ಉಳಿಸಲು ಹೋಗುವವರು ಈ ಲೆಕ್ಕ ಒಂದು ಸಲ ಹಾಕಿ ನೋಡಿ. ನಿಮ್ಮ ಮನೆಯ ಹೆಂಗಸರ ಕೂಲಿಯನ್ನೂ ಆ 55ರೊಳಗೆ ಸೇರಿಸಿ, ಅದನ್ನು ಸೊನ್ನೆ ಅಂತ ಹಿಡಿಯುವುದು ದೊಡ್ಡ ಅನ್ಯಾಯ.

ತರಬೇತಿ ಬೇಕು ಅನ್ನುವವರು ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ವಿಚಾರಿಸಿ, 1982ರಿಂದ ಸ್ವಂತ ಉದ್ಯೋಗ ಮಾಡುವವರಿಗೆ ಕಲಿಸುತ್ತಾ ಬಂದಿದ್ದಾರೆ. ಆಹಾರ ಕೆಡದ ಹಾಗೆ ಇಡುವ, ಪ್ಯಾಕ್ ಮಾಡುವ ವಿಷಯಕ್ಕೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ.

ಕೊನೆಗೆ ಒಂದು ಕೆಲಸ ಉಳಿಯಿತು, ಇದನ್ನು ಪ್ರತಿ ಬ್ಯಾಚಿಗೂ ಮಾಡಿ. ಪ್ಯಾಕ್ ಮಾಡಿದ ದಿನ ಒಂದು ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆ, ಹಲಸು ಯಾರ ಮರದ್ದು, ಎಷ್ಟು ದಿನ ಒಣಗಿತು, ಯಾವ ಪೌಚ್ ಅಂತ ಬರೆಯಿರಿ, ಆ ಬ್ಯಾಚಿನ ಒಂದು ಪ್ಯಾಕೆಟನ್ನು ಮಾರದೆ ಅಡುಗೆಮನೆಯ ಅಟ್ಟದ ಮೇಲೆ ಇಡಿ. ಆಟಿಯಲ್ಲಿ, ಮಳೆ ಜೋರು ಹೊಡೆಯುವ ಒಂದು ಮಧ್ಯಾಹ್ನ ಅದನ್ನು ಒಡೆದು ಎರಡು ಹಪ್ಪಳ ಕರಿದು ತಿಂದು ನೋಡಿ, ಹೇಗಿತ್ತು ಅಂತ ಅದೇ ಸಾಲಿನ ಪಕ್ಕ ಬರೆಯಿರಿ. ಮೆತ್ತಗಾಗಿದ್ದರೆ ಅಂಗಡಿಯವರ ಫೋನ್ ಬರುವ ಮೊದಲು ನೀವೇ ಹೋಗಿ ಆ ಬ್ಯಾಚ್ ವಾಪಸ್ ತನ್ನಿ.